ಮೊಬೈಲ್ ಏಕೆ ನಿಧಾನವಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ನಮ್ಮ ಬಡಾವಣೆಯ ವಾಚನಾಲಯದ ಕಟ್ಟೆಯ ಮೇಲೆ ಭಾನುವಾರ ಬೆಳಿಗ್ಗೆ ಕುಳಿತು, ಅಕ್ಕಪಕ್ಕದವರು ತರುವ ಮೊಬೈಲ್‌ಗಳನ್ನು ನೋಡಿಕೊಡುವ ಕೆಲಸವನ್ನು ಆರು ವರ್ಷಗಳಿಂದ ಮಾಡುತ್ತಿದ್ದೇನೆ. ಬರುವ ದೂರು ಬಹುಪಾಲು ಒಂದೇ: ಹ್ಯಾಂಗ್ ಆಗುತ್ತಿದೆ. ಅಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ನಾನು ನೋಡಿದ ಮಟ್ಟಿಗೆ, ನಿಧಾನವಾದ ಮೊಬೈಲ್‌ಗಳಲ್ಲಿ ಹೆಚ್ಚಿನವುಗಳ ಸ್ಟೋರೇಜ್ ತುಂಬಿರುತ್ತದೆ, ಇಲ್ಲವೇ ಅವು ಬಿಸಿಲಿಗೆ ಕಾದಿರುತ್ತವೆ, ಇಲ್ಲವೇ ಬ್ಯಾಟರಿ ಸೋತಿರುತ್ತದೆ. ಈ ಮೂರರಲ್ಲಿ ಯಾವುದೆಂದು ಪತ್ತೆ ಹಚ್ಚುವ ಮೊದಲು ದಯವಿಟ್ಟು ಹೊಸ ಮೊಬೈಲ್‌ಗೆ ಹಣ ಸುರಿಯಬೇಡಿ.

ಮೊಬೈಲ್ ಹ್ಯಾಂಗ್ ಆಗುತ್ತಿದೆ. ಮೊದಲು ಏನು ಮಾಡಬೇಕು?

ಒಮ್ಮೆ ರೀಸ್ಟಾರ್ಟ್ ಮಾಡಿ. ತಿಂಗಳುಗಟ್ಟಲೆ ಆಫ್ ಆಗದ ಮೊಬೈಲ್‌ನಲ್ಲಿ ಕೆಲವು ಆಪ್‌ಗಳು ಹಿಡಿದುಕೊಂಡ ಮೆಮೊರಿಯನ್ನು ಬಿಡದೆ ಕುಳಿತಿರುತ್ತವೆ. ರೀಸ್ಟಾರ್ಟ್ ಆದಾಗ ಆ ಮೆಮೊರಿಯೆಲ್ಲ ತೆರವಾಗುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸಾಕು.

ಅದರಿಂದ ಸರಿಹೋಗದಿದ್ದರೆ ಯಾವ ಹೊತ್ತಿನಲ್ಲಿ ನಿಧಾನವಾಗುತ್ತದೆ ಎಂದು ಎರಡು ದಿನ ಗಮನಿಸಿ. ಎಲ್ಲ ಹೊತ್ತಿನಲ್ಲೂ, ಎಲ್ಲ ಆಪ್‌ಗಳಲ್ಲೂ ತಡವರಿಸಿದರೆ ಸ್ಟೋರೇಜ್ ತುಂಬಿರುವ ಸಾಧ್ಯತೆ ಹೆಚ್ಚು. ಮಟಮಟ ಮಧ್ಯಾಹ್ನದಲ್ಲಿ, ಅಥವಾ ವಿಡಿಯೊ ಕರೆ ಹತ್ತು ಹದಿನೈದು ನಿಮಿಷ ದಾಟಿದ ಮೇಲೆ ಮಾತ್ರ ತೊಡರಿದರೆ ಬಿಸಿಯನ್ನು ಅನುಮಾನಿಸಿ. ಚಾರ್ಜ್ ಕೆಳಗಿಳಿದಾಗ ನಿಧಾನವಾಗುತ್ತಿದ್ದರೆ, ಇಲ್ಲವೇ 20 ಪ್ರತಿಶತ ಎಂದು ತೋರಿಸುತ್ತಿರುವಾಗಲೇ ದಿಢೀರನೆ ಆಫ್ ಆಗುತ್ತಿದ್ದರೆ ಬ್ಯಾಟರಿಯ ಕಡೆ ನೋಡಿ. ಒಂದೇ ಒಂದು ಆಪ್ ಕಾಡುತ್ತಿದ್ದರೆ ಅದನ್ನು ಅಪ್‌ಡೇಟ್ ಮಾಡಿ ನೋಡಿ, ಬೇರೇನನ್ನೂ ಮುಟ್ಟಬೇಕಿಲ್ಲ.

ಕಟ್ಟೆಗೆ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ "ಎಷ್ಟು ವರ್ಷದ್ದು?" ಎಂಬುದಲ್ಲ, "ಯಾವಾಗ ಹೀಗಾಗುತ್ತದೆ?" ಎಂಬುದು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸ್ಟೋರೇಜ್ ತುಂಬಿದರೆ ವೇಗ ಏಕೆ ಕಡಿಮೆಯಾಗಬೇಕು? ಕಪಾಟು ತುಂಬಿದ ಮಾತ್ರಕ್ಕೆ ಮನೆ ನಿಧಾನವಾಗುವುದಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ಹಿಂದೆ ನಾವು ಶಾಲೆಗೆ ಒಯ್ಯುತ್ತಿದ್ದ ಪಾಟಿಯನ್ನು ನೆನಪಿಸಿಕೊಳ್ಳಿ. ಆ ಪಾಟಿಗೆ ಒಂದು ವಿಚಿತ್ರ ನಿಯಮ ಇದೆ ಎಂದುಕೊಳ್ಳಿ: ಖಾಲಿ ಸಾಲಿನಲ್ಲಿ ಯಾವಾಗ ಬೇಕಾದರೂ ಬರೆಯಬಹುದು, ಆದರೆ ಒಂದೇ ಸಾಲನ್ನು ಒರೆಸಲು ಆಗದು, ಒರೆಸಿದರೆ ಇಡೀ ಪಾಟಿಯನ್ನೇ ಒರೆಸಬೇಕು. ಆಗ ಒಂದು ಸಾಲು ಜಾಗ ಬೇಕಾದಾಗ, ಉಳಿಸಿಕೊಳ್ಳಬೇಕಾದ ಸಾಲುಗಳನ್ನೆಲ್ಲ ಮೊದಲು ಇನ್ನೊಂದು ಪಾಟಿಗೆ ನಕಲು ಮಾಡಿ, ಆಮೇಲೆ ಹಳೆಯದನ್ನು ಒರೆಸಬೇಕಾಗುತ್ತದೆ. ಮೊಬೈಲ್‌ನ ಸ್ಟೋರೇಜ್, ಅಂದರೆ ಫ್ಲ್ಯಾಶ್ ಮೆಮೊರಿ ಎಂಬ ಚಿಪ್, ಕೆಲಸ ಮಾಡುವುದೂ ಹೀಗೆಯೇ. ಖಾಲಿ ಪಾಟಿಗಳು ಬೇಕಾದಷ್ಟಿದ್ದರೆ ಈ ನಕಲಿನ ಕೆಲಸವನ್ನು ಚಿಪ್ ಬಿಡುವಾದಾಗ ಸದ್ದಿಲ್ಲದೆ ಮುಗಿಸಿಕೊಳ್ಳುತ್ತದೆ. ಎಲ್ಲ ಪಾಟಿಗಳೂ ತುಂಬಿದ್ದರೆ ನೀವು ಫೋಟೋ ತೆಗೆದ ಗಳಿಗೆಯಲ್ಲೇ ಅದನ್ನು ಮಾಡಬೇಕು. ಆ ಕೆಲಸ ಮುಗಿಯುವ ತನಕ ಪರದೆ ಕಲ್ಲಿನಂತೆ ನಿಂತುಬಿಡುತ್ತದೆ.

ನೀವು ಅಳಿಸಿದ ಕಡತಗಳು ಯಾವುವೆಂದು ಚಿಪ್‌ಗೆ ತಿಳಿಸುವ ಟ್ರಿಮ್ ಎಂಬ ಏರ್ಪಾಡು 2013ರ ಆಂಡ್ರಾಯ್ಡ್ 4.3ರಿಂದ ಬಂದಿದೆ. ಆದರೆ ಖಾಲಿ ಜಾಗವೇ ಇಲ್ಲದಿದ್ದರೆ ಅದೂ ಹೆಚ್ಚೇನೂ ಮಾಡಲಾರದು. ಒಟ್ಟು ಜಾಗದ ಹತ್ತರಿಂದ ಹದಿನೈದು ಪ್ರತಿಶತವನ್ನು ಸದಾ ಖಾಲಿ ಬಿಡಿ. 64 ಜಿಬಿಯ ಮೊಬೈಲ್ ಆದರೆ ಎಂಟು ಜಿಬಿ ಖಾಲಿ ಇರಲಿ.

ಸರಿ, ಜಾಗ ಮಾಡಬೇಕು. ಆದರೆ ಫೋಟೋಗಳನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಏನನ್ನು ಅಳಿಸಲಿ?

ಫೋಟೋಗಳನ್ನು ಮುಟ್ಟುವ ಮೊದಲು ವಾಟ್ಸ್‌ಆಪ್ ತೆರೆಯಿರಿ. ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರು, ನಾವೆಲ್ಲ ಅಕ್ಕ ಎಂದು ಕರೆಯುವವರು, ಕಳೆದ ದಸರೆಯ ಹೊತ್ತಿಗೆ ತಮ್ಮ 64 ಜಿಬಿಯ ಮೊಬೈಲ್ ತಂದರು. ಖಾಲಿ ಉಳಿದದ್ದು 300 ಎಂಬಿ. ಮೊಮ್ಮಗಳ ಫೋಟೋ ತೆಗೆಯಲು ಹೋದರೆ ಜಾಗವಿಲ್ಲ ಎನ್ನುತ್ತಿತ್ತು. ನೋಡಿದರೆ ವಾಟ್ಸ್‌ಆಪ್ ಒಂದೇ 27 ಜಿಬಿ ತಿಂದಿತ್ತು. ಅದರಲ್ಲಿದ್ದುದು ಶುಭೋದಯದ ಚಿತ್ರಗಳು, ದೇವರ ವಿಡಿಯೊಗಳು, ನಾಲ್ಕು ಗುಂಪುಗಳಿಂದ ನಾಲ್ಕು ಸಲ ಬಂದ ಅದೇ ಅಡುಗೆಯ ವಿಡಿಯೊ. ನಾವಿಬ್ಬರೂ ಒಂದು ಗಂಟೆ ಕುಳಿತು ಒಂದೊಂದೇ ನೋಡುತ್ತ ಅಳಿಸಿದೆವು. ಆ ರಾಶಿಯ ಮಧ್ಯೆ ತೀರಿಹೋದ ಅವರ ಅಣ್ಣನ ಧ್ವನಿ ಇದ್ದ ಒಂದು ವಿಡಿಯೊ ಸಿಕ್ಕಿತು. ಅದನ್ನು ಮೊದಲು ಬೇರೆ ಕಡೆ ಉಳಿಸಿಕೊಂಡೆವು. ಅಂದಿನಿಂದ ನಾನು ಯಾರ ಮೊಬೈಲ್‌ನಲ್ಲೂ "ಎಲ್ಲವನ್ನೂ ಅಳಿಸು" ಒತ್ತುವುದಿಲ್ಲ.

ದಾರಿ ಹೀಗಿದೆ. ವಾಟ್ಸ್‌ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ಎಂಬಲ್ಲಿ ಹೋಗಿ, ಮ್ಯಾನೇಜ್ ಸ್ಟೋರೇಜ್ ತೆರೆಯಿರಿ. ಐದು ಎಂಬಿಗಿಂತ ದೊಡ್ಡ ಕಡತಗಳು, ಹಲವು ಬಾರಿ ಫಾರ್ವರ್ಡ್ ಆದವು, ಹೀಗೆ ಬೇರೆ ಬೇರೆಯಾಗಿ ವಿಂಗಡಿಸಿ ತೋರಿಸುತ್ತದೆ. ಫಾರ್ವರ್ಡ್ ಆದವುಗಳಿಂದಲೇ ಆರಂಭಿಸಿ. ಆಮೇಲೆ ಅದೇ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಎಂಬುದನ್ನು ಮೊಬೈಲ್ ಡೇಟಾ ಮತ್ತು ವೈಫೈ ಎರಡರಲ್ಲೂ ಆಫ್ ಮಾಡಿ. ಇದನ್ನು ಮಾಡದಿದ್ದರೆ ಮೂರು ತಿಂಗಳಲ್ಲಿ ಮತ್ತೆ ಅಲ್ಲೇ ನಿಂತಿರುತ್ತೀರಿ.

ಗ್ಯಾಲರಿಯಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಕೆಲವು ವಾರ ಟ್ರ್ಯಾಶ್‌ನಲ್ಲಿ ಕುಳಿತಿರುತ್ತದೆ. ಅದನ್ನು ಖಾಲಿ ಮಾಡಿದರೆ ಮಾತ್ರ ಜಾಗ ಸಿಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಗಳನ್ನು ಮೊಬೈಲ್‌ನಿಂದ ಮಾತ್ರ ತೆಗೆಯುವ ಸೌಲಭ್ಯವಿದೆ. ಆದರೆ 2021ರ ಜೂನ್ 1ರಿಂದ ಅಲ್ಲಿ ಸೇರುವ ಫೋಟೋಗಳೂ 15 ಜಿಬಿಯ ಉಚಿತ ಮಿತಿಯಲ್ಲೇ ಲೆಕ್ಕಕ್ಕೆ ಬರುತ್ತವೆ. ಆ ಮಿತಿ ಮುಗಿದಿದ್ದರೆ ಬ್ಯಾಕಪ್ ನಿಂತುಹೋಗಿರುತ್ತದೆ. ಕೊನೆಯ ಫೋಟೋ ನಿಜವಾಗಿಯೂ ಮೇಲೆ ಹೋಗಿದೆಯೇ ಎಂದು ಇನ್ನೊಂದು ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಕಣ್ಣಾರೆ ನೋಡಿದ ಮೇಲೆಯೇ ಅಳಿಸಿ.

ಕ್ಲಿಯರ್ ಕ್ಯಾಶ್, ಕ್ಲಿಯರ್ ಡೇಟಾ ಎಂದು ಎರಡು ಬಟನ್ ಕಾಣುತ್ತವೆ. ಎರಡೂ ಒಂದೇ ಅಲ್ಲವೇ?

ಖಂಡಿತ ಅಲ್ಲ. ಕ್ಯಾಶ್ ಎಂದರೆ ಆಪ್ ಮತ್ತೆ ಮತ್ತೆ ಬೇಕಾಗುವ ಚಿತ್ರ, ಪುಟಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡದ್ದು. ಅದನ್ನು ತೆಗೆದರೆ ನಷ್ಟವೇನಿಲ್ಲ, ಬೇಕಾದಾಗ ಆಪ್ ಮತ್ತೆ ತರಿಸಿಕೊಳ್ಳುತ್ತದೆ. ಹಾಗೆಂದು ದಿನವೂ ತೆಗೆಯುತ್ತಿದ್ದರೆ ವೇಗ ಕಡಿಮೆಯಾಗುತ್ತದೆ, ಡೇಟಾ ಖರ್ಚಾಗುತ್ತದೆ. ಕ್ಲಿಯರ್ ಡೇಟಾ ಒತ್ತಿದರೆ ಆಪ್ ಇಂದೇ ಹಾಕಿದಂತೆ ಹೊಸದಾಗುತ್ತದೆ: ಯುಪಿಐ ಆಪ್‌ನಲ್ಲಿ ಮತ್ತೆ ನೋಂದಣಿ, ಬ್ಯಾಂಕ್ ಆಪ್‌ನಲ್ಲಿ ಮತ್ತೆ ಲಾಗಿನ್, ಬ್ಯಾಕಪ್ ಇಲ್ಲದ ವಾಟ್ಸ್‌ಆಪ್‌ನಲ್ಲಿ ಹಳೆಯ ಮಾತುಕತೆಯೆಲ್ಲ ಮಾಯ. ಅಂಗಡಿಯಲ್ಲಿ ಬೇರೆಯವರ ಕೈಗೆ ಮೊಬೈಲ್ ಕೊಟ್ಟಾಗ ಅವರು ಯಾವ ಬಟನ್ ಒತ್ತುತ್ತಿದ್ದಾರೆ ಎಂದು ನೋಡುತ್ತಿರಿ.

ಬಳಸಿದ ಆಪ್‌ಗಳನ್ನೆಲ್ಲ ಆಗಾಗ ಮೇಲಕ್ಕೆ ಸರಿಸಿ ಮುಚ್ಚುತ್ತೇನೆ. ಒಳ್ಳೆಯದೇ?

ಬೇಡ. ಹಿನ್ನೆಲೆಯಲ್ಲಿ ಕಾಣುವ ಆಪ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತಿರುವುದಿಲ್ಲ, ಆಪ್‌ಗಳು ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಸುಮ್ಮನೆ ಮಲಗಿರುತ್ತವೆ. ಜಾಗ ಬೇಕಾದಾಗ ಆಂಡ್ರಾಯ್ಡ್ ತಾನಾಗಿಯೇ ಹಳೆಯದನ್ನು ತೆರವು ಮಾಡುತ್ತದೆ. ನೀವು ಒತ್ತಾಯದಿಂದ ಮುಚ್ಚಿದರೆ ಮುಂದಿನ ಸಲ ಅದು ಮೊದಲಿನಿಂದ ತೆರೆದುಕೊಳ್ಳಬೇಕು. ಅದಕ್ಕೆ ಸಮಯವೂ ಹೆಚ್ಚು, ಬ್ಯಾಟರಿಯೂ ಹೆಚ್ಚು. ಐದು ನಿಮಿಷಕ್ಕೊಮ್ಮೆ ಒಲೆ ಆರಿಸಿ ಮತ್ತೆ ಹಚ್ಚಿದಂತೆ. ಈ ಪ್ರಶ್ನೆಯನ್ನು 2016ರಲ್ಲಿ ಗ್ರಾಹಕರೊಬ್ಬರು ಆಪಲ್ ಕಂಪನಿಗೆ ಬರೆದು ಕೇಳಿದಾಗ, ಅದರ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ ಅವರೇ ಅದರ ಅಗತ್ಯವಿಲ್ಲ ಎಂದು ಉತ್ತರಿಸಿದ್ದರು. ಆಂಡ್ರಾಯ್ಡ್‌ನ ಮುಖ್ಯಸ್ಥರೂ ಆಗ ಅದೇ ಮಾತು ಹೇಳಿದರು. ಯಾವುದೋ ಆಪ್ ಸಿಕ್ಕಿಹಾಕಿಕೊಂಡು ನಿಂತರೆ ಅದೊಂದನ್ನು ಮುಚ್ಚಿ, ಉಳಿದವು ಇರಲಿ.

ಕ್ಲೀನರ್, ಬೂಸ್ಟರ್ ಆಪ್‌ಗಳನ್ನು ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬೇಡಿ. ಮೇಲಿನ ಉತ್ತರದಲ್ಲಿ ಬೇಡ ಎಂದ ಕೆಲಸವನ್ನೇ ಅವು ದಿನವಿಡೀ ಮಾಡುತ್ತವೆ, ಮಧ್ಯೆ ಮಧ್ಯೆ ಜಾಹೀರಾತು ತೋರಿಸುತ್ತವೆ, ನಿಮ್ಮ ಕಡತಗಳನ್ನೆಲ್ಲ ನೋಡುವ ಅನುಮತಿ ಕೇಳುತ್ತವೆ. ನಮ್ಮ ದೇಶದ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್‌ನ ಹೆಸರು ಎಲ್ಲರಿಗೂ ನೆನಪಿದೆ. ಅದೇ ಪಟ್ಟಿಯಲ್ಲಿ ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್, ಡಿಯು ಬ್ಯಾಟರಿ ಸೇವರ್ ಕೂಡ ಇದ್ದವು. ಕಸ ತೆಗೆಯಲು ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ವಿಭಾಗವೇ ಸಾಕು.

ರ‍್ಯಾಮ್ ಪ್ಲಸ್, ವರ್ಚುವಲ್ ರ‍್ಯಾಮ್ ಎಂಬುದನ್ನು ಆನ್ ಮಾಡಿದರೆ ವೇಗ ಹೆಚ್ಚುತ್ತದೆಯೇ?

ಪೆಟ್ಟಿಗೆಯ ಮೇಲೆ "4 + 4 ಜಿಬಿ" ಎಂದು ಬರೆದಿದ್ದರೆ ಮೊದಲ ನಾಲ್ಕು ಮಾತ್ರ ನಿಜವಾದ ರ‍್ಯಾಮ್. ಎರಡನೆಯದು ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ. ಸ್ಟೋರೇಜ್‌ನ ವೇಗ ರ‍್ಯಾಮ್‌ನ ವೇಗಕ್ಕೆ ಎಂದೂ ಸಾಟಿಯಾಗದು. ಹಿನ್ನೆಲೆಯಲ್ಲಿ ಒಂದೆರಡು ಆಪ್‌ಗಳು ಹೆಚ್ಚು ಹೊತ್ತು ಉಳಿಯಬಹುದು, ಅಷ್ಟೇ. ಸ್ಟೋರೇಜ್ ಈಗಾಗಲೇ ತುಂಬಿದ್ದರೆ ಇದನ್ನು ಆಫ್ ಮಾಡಿ ನೋಡಿ; ಮೊಬೈಲ್ ಹಗುರವಾದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಬೇಸಿಗೆಯಲ್ಲಿ ಮೊಬೈಲ್ ಕೆಂಡದಂತೆ ಬಿಸಿಯಾಗಿ ನಿಧಾನವಾಗುತ್ತದೆ. ಹಾಳಾಗಿದೆಯೇ?

ಹಾಳಾಗಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಕಂಪ್ಯೂಟರ್‌ನಲ್ಲಿ ಫ್ಯಾನ್ ಇರುತ್ತದೆ, ಮೊಬೈಲ್‌ನಲ್ಲಿ ಇಲ್ಲ. ಒಳಗಿನ ಬಿಸಿ ಹಿಂಬದಿಯ ಕವಚದ ಮೂಲಕವೇ ಹೊರಗಿನ ಗಾಳಿಗೆ ಸೇರಬೇಕು. ಹೊರಗಿನ ಗಾಳಿಯೇ ಕಾದಿದ್ದರೆ ಅದು ಹೋಗುವುದೆಲ್ಲಿಗೆ? ಆಗ ಮೊಬೈಲ್‌ನ ಮಿದುಳಿನಂತಿರುವ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ, ಪರದೆಯ ಬೆಳಕು ಮಂಕಾಗುತ್ತದೆ, ಚಾರ್ಜ್ ಏರುವುದು ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಐಫೋನ್ ಅನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್‌ನ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಮೊಬೈಲ್ ಒಂದು ಹನಿ ಕೆಲಸ ಮಾಡುವ ಮೊದಲೇ ಅದಕ್ಕೆ ಹೇಳಿದ ಮಿತಿಯನ್ನು ನಮ್ಮ ಊರು ಮೀರಿರುತ್ತದೆ.

ನಮ್ಮ ಬೀದಿಯ ಆಟೊ ಚಾಲಕರೊಬ್ಬರ ಮೊಬೈಲ್ ಮಧ್ಯಾಹ್ನ ಎರಡರ ನಂತರ ದಾರಿ ತೋರಿಸುವುದನ್ನೇ ಬಿಡುತ್ತಿತ್ತು. ಅವರ ಜೊತೆ ಆಟೊದಲ್ಲಿ ಕುಳಿತು ನೋಡಿದೆ. ಮೊಬೈಲ್ ಇದ್ದದ್ದು ಮುಂದಿನ ಗಾಜಿಗೆ ಅಂಟಿಸಿದ ಸ್ಟ್ಯಾಂಡಿನಲ್ಲಿ, ನೇರ ಬಿಸಿಲಿಗೆ. ದಪ್ಪ ರಬ್ಬರ್ ಕವರ್, ಪೂರ್ತಿ ಬೆಳಕಿನ ಪರದೆ, ಮ್ಯಾಪ್, ಜೊತೆಗೆ ಚಾರ್ಜರ್. ಬಿಸಿ ಹುಟ್ಟಿಸುವ ನಾಲ್ಕೈದು ಸಂಗತಿಗಳು ಒಂದೇ ಕಡೆ ಸೇರಿದ್ದವು. ಸ್ಟ್ಯಾಂಡನ್ನು ಹ್ಯಾಂಡಲ್‌ನ ಬಳಿ ನೆರಳಿಗೆ ಇಳಿಸಿದೆವು, ಹಗಲಿನಲ್ಲಿ ಕವರ್ ತೆಗೆದೆವು, ಬೆಳಿಗ್ಗೆ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡುವಂತೆ ಹೇಳಿದೆ. ಹೊಸ ಮೊಬೈಲ್‌ಗೆಂದು ಅವರು ಕೂಡಿಸಿಟ್ಟ ಹಣ ಮಗಳ ಕಾಲೇಜಿನ ಶುಲ್ಕಕ್ಕೆ ಹೋಯಿತು.

ಕಾದ ಮೊಬೈಲ್ ಅನ್ನು ಫ್ರಿಜ್‌ನಲ್ಲಿ ಇಡಬೇಡಿ, ಒದ್ದೆ ಬಟ್ಟೆ ಸುತ್ತಬೇಡಿ. ದಿಢೀರನೆ ತಣ್ಣಗಾದಾಗ ಒಳಗೆ ನೀರಿನ ಹನಿ ಕಟ್ಟಿ ಸರ್ಕ್ಯೂಟ್ ಹಾಳಾಗಬಹುದು. ಕವರ್ ತೆಗೆದು, ಫ್ಯಾನ್ ಕೆಳಗೆ ಹತ್ತು ನಿಮಿಷ ಸುಮ್ಮನೆ ಬಿಡಿ.

ಬ್ಯಾಟರಿಗೂ ವೇಗಕ್ಕೂ ಏನು ಸಂಬಂಧ?

ಬಹಳ ಸಂಬಂಧವಿದೆ, ಮತ್ತು ಜನರಿಗೆ ಇದು ಸಾಕಷ್ಟು ತಿಳಿದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ವಿದ್ಯುತ್ ಹರಿವನ್ನು ತಡೆಯುವ ಅದರ ಒಳಗಿನ ರೋಧ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗ, ಆಟ ಆರಂಭಿಸಿದಾಗ ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳುತ್ತದೆ. ಸೋತ ಬ್ಯಾಟರಿಗೆ ಅಷ್ಟು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ಮೊಬೈಲ್ ಆಫ್ ಆಗುತ್ತದೆ. ಹೀಗೆ ಆಫ್ ಆಗುವುದನ್ನು ತಡೆಯಲು ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದಾಗಿ ಆಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬಳಕೆದಾರರಿಗೆ ಮೊದಲೇ ತಿಳಿಸದಿದ್ದದ್ದಕ್ಕೆ ದೊಡ್ಡ ಗದ್ದಲವಾಯಿತು. 2018ರ ಮಾರ್ಚ್‌ನ ಐಫೋನ್‌ನ ಐಓಎಸ್ 11.3 ಅಪ್‌ಡೇಟ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡುವ ಪುಟ ಬಂದದ್ದು ಆ ಗದ್ದಲದ ನಂತರವೇ. ಆಂಡ್ರಾಯ್ಡ್‌ನ ಕೆಲವು ಮೊಬೈಲ್‌ಗಳಲ್ಲೂ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಈಗ ಅದು ಕಾಣುತ್ತದೆ. ಸ್ಯಾಮ್‌ಸಂಗ್‌ನವರು ಸ್ಯಾಮ್‌ಸಂಗ್ ಮೆಂಬರ್ಸ್ ಆಪ್‌ನ ಪರೀಕ್ಷಾ ವಿಭಾಗದಲ್ಲಿ ನೋಡಬಹುದು.

ಮೂಲ ಸಾಮರ್ಥ್ಯದ 80 ಪ್ರತಿಶತಕ್ಕಿಂತ ಕೆಳಗೆ ಇಳಿದಿದ್ದರೆ, ಮೊಬೈಲ್‌ನ ಉಳಿದ ಭಾಗಗಳು ಚೆನ್ನಾಗಿದ್ದರೆ, ಬ್ಯಾಟರಿಯೊಂದನ್ನೇ ಬದಲಿಸಿ. ಹೊಸ ಮೊಬೈಲ್‌ನ ಬೆಲೆಯ ಮುಂದೆ ಅದರ ಖರ್ಚು ಸಣ್ಣದು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ, ರಸೀದಿ ಪಡೆಯಿರಿ.

ಮೊಬೈಲ್‌ನ ಹಿಂಬದಿ ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ. ಅಂಟು ಬಿಟ್ಟಿದೆಯೇ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರೌಢಶಾಲೆಯ ಮೇಷ್ಟ್ರೊಬ್ಬರು ಹೀಗೆಯೇ ಹೇಳುತ್ತ ಮೊಬೈಲ್ ಕೊಟ್ಟರು. ಮೇಜಿನ ಮೇಲೆ ಮಲಗಿಸಿದರೆ ಅದು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಿತ್ತು. ಅಂಚನ್ನು ಬೆಳಕಿಗೆ ಹಿಡಿದರೆ ಪರದೆಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಬಿರುಕಿನಲ್ಲಿ ಬೆಳಕು ಹಾಯುತ್ತಿತ್ತು. ಒಳಗೆ ಬ್ಯಾಟರಿ ಉಬ್ಬಿತ್ತು. ಅಂಗಡಿಯೊಂದರಲ್ಲಿ ಒತ್ತಿ ಅಂಟು ಹಾಕಿಕೊಡುತ್ತೇವೆ ಎಂದಿದ್ದರಂತೆ. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ ಒಳಗಿನ ಪದರಗಳು ಒಂದಕ್ಕೊಂದು ತಗುಲಿ ಬೆಂಕಿ ಹೊತ್ತಿಕೊಳ್ಳಬಹುದು. ಮೊಬೈಲ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಹಾಸಿಗೆಯ ಬಳಿ ಇಡಬೇಡಿ, ನೇರವಾಗಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಅಲ್ಲೇ ಒಪ್ಪಿಸಿ ಬನ್ನಿ.

ರಾತ್ರಿಯಿಡೀ ಚಾರ್ಜಿಗೆ ಇಟ್ಟರೆ?

ತುಂಬಿದ ಮೇಲೆ ಮೊಬೈಲ್ ತಾನೇ ಚಾರ್ಜ್ ನಿಲ್ಲಿಸುತ್ತದೆ, ಹಾಗಾಗಿ ಒಂದು ರಾತ್ರಿಗೆ ಅಪಾಯವಿಲ್ಲ. ಆದರೆ ಸದಾ 100ರಲ್ಲೇ ಇರುವುದು ಮತ್ತು ಬಿಸಿ, ಈ ಎರಡೂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತವೆ. ಈಚಿನ ಬಹಳಷ್ಟು ಮೊಬೈಲ್‌ಗಳಲ್ಲಿ 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದೆ, ಆನ್ ಮಾಡಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದನ್ನು ಮಾತ್ರ ಇಂದೇ ಬಿಡಿ.

ಅಪ್‌ಡೇಟ್ ಮಾಡಿದ ಮೇಲೆ ನಿಧಾನವಾಯಿತು. ಅಪ್‌ಡೇಟ್ ಮಾಡಲೇಬಾರದೇ?

ದೊಡ್ಡ ಅಪ್‌ಡೇಟ್ ಆದ ನಂತರ ಮೊಬೈಲ್ ಎಲ್ಲ ಆಪ್‌ಗಳನ್ನೂ ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳುತ್ತದೆ, ಫೋಟೋಗಳ ಪಟ್ಟಿಯನ್ನು ಮತ್ತೆ ಮಾಡುತ್ತದೆ. ಒಂದೆರಡು ದಿನ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಸಹಜ. ಎರಡು ರಾತ್ರಿ ಚಾರ್ಜಿಗೆ ಹಾಕಿ ಬಿಡಿ, ಆಮೇಲೆ ತೀರ್ಮಾನಿಸಿ. ಭದ್ರತೆಯ ಅಪ್‌ಡೇಟ್‌ಗಳನ್ನು ಎಂದೂ ಬಿಡಬೇಡಿ. ನಿಮ್ಮ ಬ್ಯಾಂಕಿನ ಹಣ ಅದೇ ಮೊಬೈಲ್‌ನಲ್ಲಿದೆ. ಕಡಿಮೆ ರ‍್ಯಾಮ್‌ನ ಹಳೆಯ ಮೊಬೈಲ್‌ಗೆ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಬಂದಾಗ ಮಾತ್ರ, ಅದೇ ಮಾದರಿಯನ್ನು ಬಳಸುವವರನ್ನು ವಿಚಾರಿಸಿ ಮುಂದುವರಿಯಿರಿ.

ಖರ್ಚಿಲ್ಲದೆ ಮೊಬೈಲ್ ಚುರುಕಾಗಿ ಕಾಣುವಂತೆ ಮಾಡುವ ಉಪಾಯ ಇದೆಯೇ?

ಇದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಬಿಲ್ಡ್ ನಂಬರ್ ಎಂಬುದನ್ನು ಏಳು ಸಲ ಒತ್ತಿ. ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಅನಿಮೇಷನ್ ಸ್ಕೇಲ್ ಎಂದು ಮೂರು ಸಾಲುಗಳಿವೆ. ಮೂರನ್ನೂ 1ರಿಂದ 0.5ಕ್ಕೆ ಇಳಿಸಿ. ಪರದೆಯ ಮೇಲೆ ಆಪ್‌ಗಳು ತೆರೆದು ಮುಚ್ಚುವ ಅಲಂಕಾರದ ಹೊತ್ತು ಅರ್ಧವಾಗುತ್ತದೆ. ಪ್ರೊಸೆಸರ್ ಬಲಗೊಳ್ಳುವುದಿಲ್ಲ, ಆದರೆ ಕಾಯುವುದು ಕಡಿಮೆಯಾಗುತ್ತದೆ, ಕೈಗೆ ಅದು ಚೆನ್ನಾಗಿಯೇ ತಿಳಿಯುತ್ತದೆ. ಆ ಪುಟದಲ್ಲಿ ಬೇರೆ ಏನನ್ನೂ ಮುಟ್ಟಬೇಡಿ. ಇದರ ಜೊತೆಗೆ ಚಲಿಸುವ ವಾಲ್‌ಪೇಪರ್, ಲಾಕ್ ಪರದೆಯ ಮೇಲೆ ತಾನಾಗಿ ಬದಲಾಗುವ ಚಿತ್ರ ಮತ್ತು ಸುದ್ದಿಗಳನ್ನೂ ಆಫ್ ಮಾಡಿ.

ಮೊಬೈಲ್ ನಿಧಾನವೋ, ನೆಟ್‌ವರ್ಕ್ ನಿಧಾನವೋ ತಿಳಿಯುವುದು ಹೇಗೆ?

ಏರೋಪ್ಲೇನ್ ಮೋಡ್ ಹಾಕಿ ಗ್ಯಾಲರಿ, ಕ್ಯಾಮೆರಾ, ಸಂಪರ್ಕ ಪಟ್ಟಿ ತೆರೆಯಿರಿ. ಅವು ಸರಾಗವಾಗಿ ತೆರೆದರೆ ಮೊಬೈಲ್ ಚೆನ್ನಾಗಿದೆ, ತೊಂದರೆ ನೆಟ್‌ವರ್ಕ್‌ನದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರತಂದಿರುವ ಮೈಸ್ಪೀಡ್ ಆಪ್‌ನಲ್ಲಿ ಇಂಟರ್ನೆಟ್‌ನ ವೇಗವನ್ನು ಅಳೆಯಬಹುದು. ಇನ್ನೊಂದು ಮಾತು: ಸಿಗ್ನಲ್ ಕಡಿಮೆ ಇರುವಲ್ಲಿ ಮೊಬೈಲ್ ಟವರನ್ನು ಹುಡುಕುತ್ತ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಮಲೆನಾಡಿನ ನೆಂಟರ ಮನೆಗೆ ಹೋದಾಗ ಚಾರ್ಜ್ ಬೇಗ ಇಳಿಯುವುದು ಇದರಿಂದಲೇ. 5ಜಿ ಬಂದು ಹೋಗುತ್ತಿರುವ ಕಡೆ 4ಜಿಗೆ ಬದಲಿಸಿಕೊಂಡರೆ ಬಿಸಿ, ಬ್ಯಾಟರಿ ಎರಡೂ ಹಿಡಿತಕ್ಕೆ ಬರುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವಾಗ ಮಾತ್ರ ಅಕ್ಷರಗಳು ತಡವಾಗಿ ಬರುತ್ತವೆ.

ಕೀಲಿಮಣೆಯ ಆಪ್‌ನಲ್ಲಿ ನಾಲ್ಕಾರು ಭಾಷೆಗಳನ್ನು ಸೇರಿಸಿಟ್ಟಿದ್ದೀರಾ ನೋಡಿ. ಪ್ರತಿ ಭಾಷೆಗೂ ಪದಗಳನ್ನು ಸೂಚಿಸುವ ಕೆಲಸ ಬೇರೆ. ಬೇಡದ ಭಾಷೆಗಳನ್ನು ತೆಗೆದು ಕನ್ನಡ, ಇಂಗ್ಲಿಷ್ ಎರಡನ್ನು ಉಳಿಸಿಕೊಳ್ಳಿ. ಕೀಲಿಮಣೆಗೆ ಹಾಕಿದ ಚಿತ್ರದ ಹಿನ್ನೆಲೆ, ಒತ್ತಿದಾಗಿನ ಕಂಪನ ತೆಗೆಯಿರಿ, ಅದರ ಕ್ಯಾಶ್ ಅಳಿಸಿ. ಎರಡು ಮೂರು ಕೀಲಿಮಣೆ ಆಪ್‌ಗಳಿದ್ದರೆ ಒಂದನ್ನೇ ಇಟ್ಟುಕೊಳ್ಳಿ. ಗೊತ್ತಿಲ್ಲದ ಕೀಲಿಮಣೆ ಆಪ್ ನೀವು ಒತ್ತುವ ಪ್ರತಿ ಅಕ್ಷರವನ್ನೂ ನೋಡಬಲ್ಲದು, ಪಾಸ್‌ವರ್ಡ್‌ಗಳನ್ನೂ.

ಏನೂ ಮಾಡದಿದ್ದರೂ ಜಾಹೀರಾತುಗಳು ಪರದೆ ತುಂಬ ಬರುತ್ತವೆ, ಮೊಬೈಲ್ ಬಿಸಿಯಾಗುತ್ತದೆ. ಏಕೆ?

ಇದು ವೇಗದ ತೊಂದರೆಗಿಂತ ದೊಡ್ಡದು. ಯಾವುದೋ ಕೆಟ್ಟ ಆಪ್ ಒಳಗೆ ಸೇರಿದೆ. ಸಂಚಾರ ದಂಡದ ನೋಟಿಸ್, ಮದುವೆಯ ಆಮಂತ್ರಣ, ಬ್ಯಾಂಕಿನ ಕೆವೈಸಿ ಎಂದು ಹೇಳಿ ವಾಟ್ಸ್‌ಆಪ್‌ನಲ್ಲಿ ಎಪಿಕೆ ಎಂದು ಕೊನೆಗೊಳ್ಳುವ ಕಡತಗಳನ್ನು ಕಳುಹಿಸುತ್ತಾರೆ. ಆಮಂತ್ರಣ ಪತ್ರಿಕೆ ಎಂದೂ ಎಪಿಕೆ ಆಗಿರುವುದಿಲ್ಲ. ಒತ್ತಿದರೆ ಅದು ಆಪ್ ಆಗಿ ಕುಳಿತು ನಿಮಗೆ ಬರುವ ಒಟಿಪಿಗಳನ್ನು ಓದುತ್ತದೆ.

ಮೊಬೈಲ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆಯಿರಿ. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ಪವರ್ ಆಫ್ ಎಂಬ ಬಟನ್ ಅನ್ನು ಪರದೆಯ ಮೇಲೆ ಒತ್ತಿ ಹಿಡಿದರೆ ಸೇಫ್ ಮೋಡ್‌ಗೆ ಹೋಗಬೇಕೇ ಎಂದು ಮೊಬೈಲ್ ಕೇಳುತ್ತದೆ. ಆಗ ನೀವು ಹಾಕಿಕೊಂಡ ಆಪ್‌ಗಳು ಯಾವುವೂ ಓಡುವುದಿಲ್ಲ. ಜಾಹೀರಾತು ನಿಂತರೆ ತಪ್ಪು ಅವುಗಳಲ್ಲಿ ಒಂದರದ್ದು. ಇತ್ತೀಚೆಗೆ ಹಾಕಿದ್ದರಿಂದ ಆರಂಭಿಸಿ ಒಂದೊಂದಾಗಿ ತೆಗೆಯಿರಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಅಪರಿಚಿತ ಆಪ್‌ಗೆ ಅನುಮತಿ ಇದ್ದರೆ ಕೂಡಲೇ ಆಫ್ ಮಾಡಿ, ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಿಂದ ತಪಾಸಣೆ ಮಾಡಿಸಿ. ಹಣ ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮೆಮೊರಿ ಕಾರ್ಡ್ ಹಾಕಿದರೆ ಸ್ಟೋರೇಜ್ ಸಮಸ್ಯೆ ತೀರುವುದಿಲ್ಲವೇ?

ಫೋಟೋ, ಹಾಡು, ವಿಡಿಯೊ ಇಡಲು ಚೆನ್ನಾಗಿದೆ. ಆಪ್‌ಗಳನ್ನು ಕಾರ್ಡಿಗೆ ಸಾಗಿಸಬೇಡಿ, ಕಾರ್ಡ್ ಒಳಗಿನ ಸ್ಟೋರೇಜ್‌ನಷ್ಟು ಚುರುಕಲ್ಲ. ಕಾರ್ಡಿನ ಮೇಲೆ ವೇಗದ ಮಟ್ಟ ತಿಳಿಸುವ ಎ1 ಅಥವಾ ಎ2 ಎಂಬ ಗುರುತು ಇದೆಯೇ ನೋಡಿ ಕೊಳ್ಳಿ, ಕಾರ್ಡ್ ದಿಢೀರನೆ ಕೆಡಬಹುದಾದ್ದರಿಂದ ಮದುವೆಯ ಫೋಟೋಗಳನ್ನು ಅದೊಂದರಲ್ಲೇ ಇಡಬೇಡಿ.

ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೊಸದರಂತಾಗುತ್ತದೆ ಎನ್ನುತ್ತಾರೆ.

ಎಷ್ಟೋ ಸಲ ಆಗುತ್ತದೆ. ಆದರೆ ಮೊಬೈಲ್‌ನಲ್ಲಿ ಇಟ್ಟದ್ದೆಲ್ಲ ಅಳಿಸಿಹೋಗುವುದರಿಂದ ಇದು ಕೊನೆಯ ಮದ್ದು. ಮೊದಲು ಫೋಟೋ, ಸಂಪರ್ಕಗಳು, ವಾಟ್ಸ್‌ಆಪ್ ಬ್ಯಾಕಪ್ ಮೂರನ್ನೂ ಪರಿಶೀಲಿಸಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಬೇರೆ ಸಾಧನದಲ್ಲಿ ಲಾಗಿನ್ ಆಗಿ ನೋಡಿ. ಕಳ್ಳತನ ತಡೆಯಲು ಆಂಡ್ರಾಯ್ಡ್ 5.1ರಿಂದ ಇರುವ ರಕ್ಷಣೆ, ಬಟನ್‌ಗಳನ್ನು ಒತ್ತಿ ಹಿಡಿದು ತೆರೆಯುವ ರಿಕವರಿ ಪರದೆಯಿಂದ ರೀಸೆಟ್ ಮಾಡಿದಾಗ ಹಳೆಯ ಖಾತೆಯನ್ನೇ ಕೇಳುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ನಿಮ್ಮದೇ ಮೊಬೈಲ್ ನಿಮಗೆ ತೆರೆಯದು. ಮಗ ಊರಿಂದ ಬಂದಾಗ ಮಾಡಿಕೊಟ್ಟ ಖಾತೆ, ಪಾಸ್‌ವರ್ಡ್ ಅವನಿಗೇ ಗೊತ್ತು ಎನ್ನುವವರು ನಮ್ಮಲ್ಲಿ ಬಹಳ ಜನ. ಅವನಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಂಡ ಮೇಲೆಯೇ ಮುಂದುವರಿಯಿರಿ.

ಹಾಗಾದರೆ ಹೊಸದನ್ನು ಯಾವಾಗ ಕೊಳ್ಳಬೇಕು? ಏನು ನೋಡಬೇಕು?

ಭದ್ರತೆಯ ಅಪ್‌ಡೇಟ್ ನಿಂತು ಎರಡು ವರ್ಷವಾಗಿದ್ದರೆ, ನಿಮ್ಮ ಬ್ಯಾಂಕ್ ಆಪ್ ಈ ಆವೃತ್ತಿಯಲ್ಲಿ ಓಡುವುದಿಲ್ಲ ಎಂದರೆ, ಇಲ್ಲವೇ 2 ಜಿಬಿ ರ‍್ಯಾಮ್‌ನಲ್ಲಿ ಇಂದಿನ ಆಪ್‌ಗಳನ್ನು ಓಡಿಸಲು ಹೆಣಗುತ್ತಿದ್ದರೆ ಕೊಳ್ಳುವುದು ಸರಿ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಎರಡು ಸಂಗತಿ ಕೇಳಿ. ಒಂದು, ಸ್ಟೋರೇಜ್ ಚಿಪ್ ಯಾವ ಬಗೆಯದು, ಇಎಂಎಂಸಿಯೋ ಯುಎಫ್‌ಎಸ್ಸೋ. ಇಎಂಎಂಸಿ ಒಂದು ಹೊತ್ತಿಗೆ ಓದುವುದು ಇಲ್ಲವೇ ಬರೆಯುವುದು ಮಾತ್ರ ಮಾಡುತ್ತದೆ, ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಎರಡು ವರ್ಷದ ನಂತರ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಮೊಬೈಲ್‌ಗಳಿಗೆ ಏಳು ವರ್ಷದ ಭರವಸೆ ಇದೆ. ಕಡಿಮೆ ಬೆಲೆಯವುಗಳಿಗೆ ಇದು ಬಹಳ ಕಡಿಮೆ ಇರಬಹುದು, ಕೇಳಿಯೇ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಹಳೆಯದನ್ನು ಮಾರುವಾಗ ಏನು ಎಚ್ಚರಿಕೆ?

ಕೊಳ್ಳಬಹುದು. ಹಣ ಕೊಡುವ ಮೊದಲು *#06# ಒತ್ತಿ ಐಎಂಇಐ ಸಂಖ್ಯೆ, ಅಂದರೆ ಪ್ರತಿ ಮೊಬೈಲ್‌ಗೂ ಬೇರೆಯಾಗಿರುವ ಗುರುತಿನ ಸಂಖ್ಯೆ, ಪಡೆಯಿರಿ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಹಾಕಿ ನೋಡಿ, ಇಲ್ಲವೇ ಕೆವೈಎಂ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿ. ಕಳವಾದದ್ದೆಂದು ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಆಮೇಲೆ ಅಂಗಡಿಯಲ್ಲೇ ನಿಂತು ಹತ್ತು ನಿಮಿಷ ವಿಡಿಯೊ ತೆಗೆದು ಎಷ್ಟು ಬಿಸಿಯಾಗುತ್ತದೆ, ಚಾರ್ಜ್ ಎಷ್ಟು ಇಳಿಯುತ್ತದೆ ನೋಡಿ.

ಮಾರುವಾಗ ಮೊದಲು ಗೂಗಲ್ ಅಥವಾ ಆಪಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆಯಿರಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲೇ ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರತೆಗೆದಿರಾ ಎಂದು ಟ್ರೇ ಎಳೆದು ಇನ್ನೊಮ್ಮೆ ನೋಡಿ, ಆಮೇಲೆ ಕೈ ಬದಲಿಸಿ.